ಸೆಲ್ಲಿನ ವಾಚೋ ಆಟೋಮ್ಯಾಟಿಕ್ಕೋ: ಒಂದೇ ಮನೆಯಲ್ಲಿ ಎರಡು ಆಯ್ಕೆ

ತುಮಕೂರಿನಲ್ಲಿ ಪದವಿಪೂರ್ವ ತರಗತಿಗಳಿಗೆ ಭೌತಶಾಸ್ತ್ರ ಕಲಿಸುವುದು ನನ್ನ ಕೆಲಸ. ಪ್ರಯೋಗಾಲಯದಲ್ಲಿ ಬಿಸಿನೀರು ತಣಿಯುವುದನ್ನು ಅರ್ಧ ನಿಮಿಷಕ್ಕೊಮ್ಮೆ ಬರೆಸಬೇಕು. ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆಗೆ ಹೋದಾಗ ಮೊಬೈಲ್ ಹೊರಗೇ ಇರಬೇಕು. ಎರಡು ಕಡೆಯೂ ನನಗೆ ಕೈಯಲ್ಲಿ ಕಟ್ಟಿದ ವಾಚೇ ಆಧಾರ. ಹಳೆಯದು ಇನ್ನು ದುರಸ್ತಿಯಾಗದು ಎಂದಾದಾಗ ಹೊಸದು ಕೊಳ್ಳಲು ಹೊರಟೆ. ಆಗಷ್ಟೇ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದ ಮಗನೂ ಮೊದಲ ಸಂಬಳದಲ್ಲಿ ಒಂದು ಒಳ್ಳೆಯ ವಾಚು ತೆಗೆದುಕೊಳ್ಳಬೇಕೆಂದಿದ್ದ. ಸೆಲ್ ಹಾಕುವ ಕ್ವಾರ್ಟ್ಜ್ ವಾಚೋ, ಕೈ ಆಡಿದಂತೆಲ್ಲ ತಾನೇ ಕೀ ಕೊಟ್ಟುಕೊಳ್ಳುವ ಆಟೋಮ್ಯಾಟಿಕ್ಕೋ ಎಂಬ ಪ್ರಶ್ನೆ ಇಬ್ಬರಿಗೂ ಎದುರಾಯಿತು.

ತುಮಕೂರಿನವರಿಗೆ ವಾಚಿನ ಮಾತು ಮನೆಮಾತು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಕೆಗೆ ಇಳಿದ ಎಚ್‌ಎಂಟಿ, 1978ರಲ್ಲಿ ನಮ್ಮೂರಿನಲ್ಲೂ ಕಾರ್ಖಾನೆ ತೆರೆಯಿತು. ಜನತಾ, ಪೈಲಟ್ ಇವೆಲ್ಲ ದಿನಾ ಕೀ ಕೊಡಬೇಕಾದ ವಾಚುಗಳು. ಕಾಂಚನ್ ಆಟೋಮ್ಯಾಟಿಕ್. ಮದುವೆ ಗಂಡಿಗೆ ಕಾಂಚನ್ ಕೊಡಿಸುವುದೆಂದರೆ ಆಗ ಹೆಣ್ಣಿನ ಕಡೆಯವರಿಗೆ ದೊಡ್ಡ ಮಾತು. ಹೊಸೂರಿನ ಟೈಟನ್ ಕಾರ್ಖಾನೆಯಿಂದ ಕ್ವಾರ್ಟ್ಜ್ ವಾಚುಗಳು ಬರತೊಡಗಿದ ಮೇಲೆ ಗಾಳಿ ಬದಲಾಯಿತು. 2016ರಲ್ಲಿ ಎಚ್‌ಎಂಟಿ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿತು. ಕಾರ್ಖಾನೆ ಹೋದರೂ ವಾಚು ಬಿಚ್ಚಿ ಜೋಡಿಸಬಲ್ಲ ಕೈಗಳು ಈ ಊರಿನಲ್ಲಿ ಇನ್ನೂ ಇವೆ. ನಮ್ಮ ಆಯ್ಕೆಯಲ್ಲಿ ಇದೂ ಲೆಕ್ಕಕ್ಕೆ ಬಂತು.

ಅಂಗಡಿಗೆ ಹೋಗುವ ಮೊದಲು ನನ್ನ ತಮ್ಮನ ಆಟೋಮ್ಯಾಟಿಕ್ ವಾಚನ್ನು ಎರವಲು ಪಡೆದೆ. "ಅಕ್ಕಾ, ಸುಮ್ಮನೆ ಯೋಚನೆ ಮಾಡುವುದಕ್ಕಿಂತ ಸ್ವಲ್ಪ ದಿನ ಕಟ್ಟಿಕೊಂಡು ನೋಡು" ಎಂದು ಅವನೇ ಬಿಚ್ಚಿಕೊಟ್ಟ. ಸೀಕೋ 5, ಒಳಗಿರುವುದು 7ಎಸ್26 ಎಂಬ ಯಂತ್ರ. ಯಾರೇ ಕೇಳಿದರೂ ನಾನು ಹೇಳುವುದು ಇದನ್ನೇ: ಹೊಸದಕ್ಕೆ ದುಡ್ಡು ಕೊಡುವ ಮೊದಲು ಪರಿಚಯದವರ ವಾಚೊಂದನ್ನು ನಿಮ್ಮ ದಿನಚರಿಯೊಳಗೆ ಬಿಟ್ಟುಕೊಂಡು ನೋಡಿ. ಅಂಗಡಿಯ ಗಾಜಿನ ಮೇಲೆ ಕಾಣದ್ದು ಮನೆಯಲ್ಲಿ ಕಾಣುತ್ತದೆ.

ಪ್ರತಿ ರಾತ್ರಿ ಮಲಗುವ ಮುನ್ನ ಮೊಬೈಲಿನ ಸಮಯಕ್ಕೆ ಹೋಲಿಸಿ ಎಷ್ಟು ಸೆಕೆಂಡು ಮುಂದೆ, ಎಷ್ಟು ಹಿಂದೆ ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟೆ. ದಿನಕ್ಕೆ ಸುಮಾರು ಹತ್ತು ಸೆಕೆಂಡು ಮುಂದೆ ಓಡುತ್ತಿತ್ತು. ಕೇಳಿದವರು "ಅಷ್ಟೊಂದಾ?" ಎನ್ನುತ್ತಾರೆ. ಒಂದು ದಿನಕ್ಕೆ 86,400 ಸೆಕೆಂಡು. ಅದರಲ್ಲಿ ಹತ್ತು ಎಂದರೆ ಹತ್ತು ಸಾವಿರಕ್ಕೆ ಒಂದಕ್ಕಿಂತ ತುಸು ಹೆಚ್ಚು. ಸೆಲ್ಲಿಲ್ಲ, ವಿದ್ಯುತ್ತಿಲ್ಲ, ಸ್ಪ್ರಿಂಗು, ಹಲ್ಲಿನ ಚಕ್ರಗಳು ಮತ್ತು ಗಂಟೆಗೆ 21,600 ಸಲ ಮಿಡಿಯುವ ಒಂದು ತೂಗುಚಕ್ರ ಸೇರಿ ಇಷ್ಟು ಸಾಧಿಸುತ್ತವೆ ಎನ್ನುವುದು ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ. ಕಂಪನಿಯೇ ಈ ಯಂತ್ರಕ್ಕೆ ದಿನಕ್ಕೆ 45 ಸೆಕೆಂಡು ಮುಂದೆ, 35 ಸೆಕೆಂಡು ಹಿಂದೆ ಎಂಬ ಮಿತಿ ಹೇಳಿಕೊಂಡಿದೆ. ತಮ್ಮನ ವಾಚು ಅದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಅಂಗಾತ ಇಟ್ಟ ರಾತ್ರಿಗೂ ಅಡ್ಡ ನಿಲ್ಲಿಸಿದ ರಾತ್ರಿಗೂ ಅಂತರ ಬರುವುದನ್ನೂ ಗಮನಿಸಿದೆ. ಗುರುತ್ವ ತೂಗುಚಕ್ರವನ್ನು ಎಳೆಯುವ ರೀತಿ, ತಿರುಗುವ ಜಾಗದ ಘರ್ಷಣೆ ಎರಡೂ ಭಂಗಿಯೊಂದಿಗೆ ಬದಲಾಗುತ್ತವೆ. ಹಗಲು ಮುಂದೆ ಓಡಿದ್ದನ್ನು ರಾತ್ರಿಯ ಭಂಗಿಯಲ್ಲಿ ಒಂದಿಷ್ಟು ಸರಿದೂಗಿಸಬಹುದು. ಯಾವ ಭಂಗಿಯಲ್ಲಿ ಎಂಬುದು ಒಂದೊಂದು ವಾಚಿಗೆ ಒಂದೊಂದು.

ನನಗೆ ತೊಡಕಾದದ್ದು ಬೇರೆ ಕಡೆ. ಕಪ್ಪುಹಲಗೆಯ ಮೇಲೆ ಬರೆಯುವುದು ಬಲಗೈ, ವಾಚು ಇರುವುದು ಎಡಗೈಯಲ್ಲಿ. ಪಾಠದ ನಂತರ ಕುಳಿತು ಉತ್ತರಪತ್ರಿಕೆ ತಿದ್ದುವಾಗ ಎಡಗೈ ಮೇಜು ಬಿಟ್ಟು ಏಳುವುದೇ ಇಲ್ಲ. ಒಳಗಿನ ಅರ್ಧಚಂದ್ರಾಕಾರದ ತೂಕ ತಿರುಗಿದರಷ್ಟೇ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ತುಂಬ ಸುತ್ತಿಕೊಂಡರೆ ಸುಮಾರು 40 ಗಂಟೆ ನಡೆಯುವ ಯಂತ್ರ ಇದು. ಆದರೆ ನನ್ನ ಕೈಯಲ್ಲಿ ಅದು ಎಂದೂ ತುಂಬುತ್ತಿರಲಿಲ್ಲ. ಭಾನುವಾರ ಬಿಚ್ಚಿಟ್ಟರೆ ಸೋಮವಾರ ಬೆಳಿಗ್ಗೆ ನಿಂತಿರುತ್ತಿತ್ತು. 7ಎಸ್26ಕ್ಕೆ ಕೈಯಿಂದ ಕೀ ಕೊಡುವ ಸೌಲಭ್ಯವಿಲ್ಲ, ಅಲುಗಾಡಿಸಿಯೇ ಎಬ್ಬಿಸಬೇಕು. ಗುಂಡಿ ಹೊರಗೆಳೆದರೂ ಸೆಕೆಂಡಿನ ಮುಳ್ಳು ನಿಲ್ಲುವುದಿಲ್ಲವಾದ್ದರಿಂದ ಸೆಕೆಂಡಿಗೆ ಸರಿಯಾಗಿ ಹೊಂದಿಸುವುದೂ ಕಷ್ಟ. ಮುಂದಿನ ತಲೆಮಾರಿನ ಎನ್‌ಎಚ್35ರಂಥ ಯಂತ್ರಗಳಲ್ಲಿ ಈ ಎರಡೂ ಸೌಲಭ್ಯಗಳಿವೆ. ಆಟೋಮ್ಯಾಟಿಕ್ ಕೊಳ್ಳುವವರು ಮೊದಲು ಕೇಳಬೇಕಾದದ್ದು ಇವೆರಡನ್ನೇ.

ಇನ್ನೊಂದು ತೊಡಕು ಪ್ರಯೋಗಾಲಯದ್ದು. ದಂಡಕಾಂತ, ಧ್ವನಿವರ್ಧಕ, ತಂತಿ ಸುರುಳಿ ಇವುಗಳ ನಡುವೆಯೇ ನನ್ನ ಕೈ ಓಡಾಡುತ್ತದೆ. ತೂಗುಚಕ್ರದ ಕೂದಲೆಳೆಯಂಥ ಸ್ಪ್ರಿಂಗಿಗೆ ಕಾಂತತ್ವ ಹತ್ತಿದರೆ ಅದರ ಸುತ್ತುಗಳು ಒಂದಕ್ಕೊಂದು ಅಂಟಿ ವಾಚು ನಿಮಿಷಗಟ್ಟಲೆ ಮುಂದೋಡಬಹುದು. ಕಾಂತತ್ವ ತೆಗೆಯುವ ಸಣ್ಣ ಉಪಕರಣ ದುರಸ್ತಿಯವರ ಬಳಿ ಇರುತ್ತದೆ, ಕೆಲಸವೂ ಕ್ಷಣಮಾತ್ರದ್ದು. ಆದರೂ ಪದೇ ಪದೇ ಹೋಗಲಾಗದು. ಮುಳ್ಳಿರುವ ಕ್ವಾರ್ಟ್ಜ್ ವಾಚೂ ಬಲವಾದ ಕಾಂತದ ಹತ್ತಿರ ನಿಲ್ಲುವುದುಂಟು, ಅದರ ಪುಟ್ಟ ಮೋಟಾರು ತಡವರಿಸುತ್ತದೆ. ದೂರ ಸರಿಸಿದರೆ ಮತ್ತೆ ಮೊದಲಿನಂತೆ ನಡೆಯುತ್ತದೆ. ನಿಂತಷ್ಟು ಹೊತ್ತನ್ನು ಸರಿಪಡಿಸಿಕೊಂಡರೆ ಸಾಕು.

ಕ್ವಾರ್ಟ್ಜ್ ವಾಚಿನ ಹೃದಯ ಸೆಕೆಂಡಿಗೆ 32,768 ಸಲ ಕಂಪಿಸುವ, ಶ್ರುತಿಕವೆಯ ಆಕಾರದ ಹರಳು. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಬಂದರೆ ಸರಿಯಾಗಿ ಒಂದು ಉಳಿಯುತ್ತದೆ, ಮುಳ್ಳು ಸೆಕೆಂಡಿಗೊಮ್ಮೆ ಹೆಜ್ಜೆ ಇಡುತ್ತದೆ. ತರಗತಿಯಲ್ಲಿ ಮಕ್ಕಳ ಕೈಯಲ್ಲೇ ಈ ಭಾಗಾಕಾರ ಮಾಡಿಸುತ್ತೇನೆ, ಕೊನೆಯ ಹೆಜ್ಜೆಗೆ ಬಂದಾಗ ಅವರ ಮುಖ ನೋಡಬೇಕು! ಸಾಧಾರಣ ಕ್ವಾರ್ಟ್ಜ್ ವಾಚು ತಿಂಗಳಿಗೆ ಹದಿನೈದಿಪ್ಪತ್ತು ಸೆಕೆಂಡಿನೊಳಗೆ ಇರುತ್ತದೆ. ಹರಳಿಗೂ ಒಂದು ಹದವಿದೆ: 25 ಡಿಗ್ರಿಯ ಸುತ್ತ ಅದು ಚೆನ್ನಾಗಿ ನಡೆಯುತ್ತದೆ, ಅಲ್ಲಿಂದ ಬಿಸಿಯಾದರೂ ತಣ್ಣಗಾದರೂ ನಿಧಾನವಾಗುತ್ತದೆ. 45 ಡಿಗ್ರಿಯಲ್ಲಿಟ್ಟರೆ ದಿನಕ್ಕೆ ಒಂದು ಸೆಕೆಂಡಿಗಿಂತ ಹೆಚ್ಚು ಹಿಂದೆ ಬೀಳಬಹುದು. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಸ್ಕೂಟರಿನ ಡಿಕ್ಕಿಗಿಂತ ಮೈಗೆ ಅಂಟಿಕೊಂಡಿರುವುದೇ ಅದಕ್ಕೆ ಕ್ಷೇಮ.

ಗಾತ್ರದ ಮಾತನ್ನೂ ಹೇಳಬೇಕು, ಹೆಂಗಸರ ವಾಚಿನ ಬಗ್ಗೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ನನ್ನದು ಸಣ್ಣ ಮಣಿಕಟ್ಟು, ಎಡಗೈಯಲ್ಲಿ ಬಳೆಯೂ ಇರುತ್ತದೆ. ತಿರುಗುವ ತೂಕ ಒಳಗಿರುವುದರಿಂದ ಆಟೋಮ್ಯಾಟಿಕ್ ವಾಚು ದಪ್ಪ. ಸಣ್ಣ ಡಯಲಿನವು ಸಿಗುತ್ತವೆ, ಆದರೆ ತೂಕವೂ ತೂಗುಚಕ್ರವೂ ಕಿರಿದಾದಷ್ಟು ಕರಾರುವಾಕ್ಕಾಗಿ ನಡೆಸುವುದು ಕಷ್ಟವಾಗುತ್ತ ಹೋಗುತ್ತದೆ. ಕ್ವಾರ್ಟ್ಜ್‌ಗೆ ಈ ಕಟ್ಟಿಲ್ಲ. ಟೈಟನ್ ಎಜ್ ಬಂದಾಗ ಅದರ ಒಳಯಂತ್ರದ ದಪ್ಪ 1.15 ಮಿಲಿಮೀಟರು ಮಾತ್ರ.

ನಾನು ಕ್ವಾರ್ಟ್ಜ್ ಕೊಂಡೆ. ಬಿಳಿ ಡಯಲು, ಅರ್ಧ ಮಾರು ದೂರದಿಂದಲೂ ಕಾಣುವ ಅಂಕಿಗಳು, ಗುಂಡಿ ಎಳೆದರೆ ನಿಲ್ಲುವ ಸೆಕೆಂಡಿನ ಮುಳ್ಳು. ಪ್ರತಿಯೊಂದು ಗೆರೆಯ ಮೇಲೂ ಮುಳ್ಳು ನೇರವಾಗಿ ಬೀಳುತ್ತದೆಯೇ ಎಂದು ಅಂಗಡಿಯಲ್ಲೇ ನಿಂತು ಒಂದು ಪೂರ್ತಿ ನಿಮಿಷ ನೋಡಿದೆ, ನೀವೂ ನೋಡಿ.

ಮಗನಿಗೆ ಆಟೋಮ್ಯಾಟಿಕ್ ತೆಗೆದುಕೋ ಎಂದೆ. ಅವನು ಮೆಟ್ರೋ ನಿಲ್ದಾಣದವರೆಗೆ ನಡೆಯುತ್ತಾನೆ, ಸಂಜೆ ಬ್ಯಾಡ್ಮಿಂಟನ್ ಆಡುತ್ತಾನೆ, ಸ್ನಾನಕ್ಕೆ ಬಿಟ್ಟರೆ ವಾಚು ಬಿಚ್ಚುವುದೇ ಇಲ್ಲ. ಹತ್ತು ಸೆಕೆಂಡಿನ ಹೆಚ್ಚುಕಡಿಮೆಯಿಂದ ಅವನ ಕೆಲಸ ಕೆಡುವುದಿಲ್ಲ. ಬೆನ್ನಿನ ಗಾಜಿನೊಳಗೆ ಯಂತ್ರ ಆಡುವುದನ್ನು ನೋಡುತ್ತ ಕುಳಿತುಕೊಳ್ಳುವ ಪ್ರೀತಿಯೂ ಅವನಿಗಿದೆ. ಆ ಪ್ರೀತಿ ಇಲ್ಲದವರು ಆಟೋಮ್ಯಾಟಿಕ್ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆಡುವಾಗ ಮಾತ್ರ ಬಿಚ್ಚಿಡು, ರ‍್ಯಾಕೆಟ್ಟಿನ ಪೆಟ್ಟು ತೂಗುಚಕ್ರಕ್ಕೆ ಒಳ್ಳೆಯದಲ್ಲ ಎಂದಿದ್ದೇನೆ. ರಾತ್ರಿ 9ರಿಂದ ಬೆಳಗಿನ ಜಾವ 3ರವರೆಗೆ ದಿನಾಂಕ ತಿರುಗಿಸಬೇಡ, ಆಗ ದಿನಾಂಕದ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ ಎಂದೂ ಹೇಳಿದ್ದೇನೆ.

ಖರ್ಚಿನ ಲೆಕ್ಕವನ್ನು ನಮ್ಮ ದುರಸ್ತಿ ಅಂಗಡಿಯವರು ಬಿಡಿಸಿ ಹೇಳಿದರು. "ಮೇಡಂ, ನಿಮ್ಮದಕ್ಕೆ ಎರಡು ಮೂರು ವರ್ಷಕ್ಕೊಂದು ಸೆಲ್ಲು. ಹುಡುಗನದಕ್ಕೆ ಐದು ವರ್ಷದ ಸುಮಾರಿಗೆ ಎಲ್ಲ ಬಿಚ್ಚಿ, ತೊಳೆದು, ಎಣ್ಣೆ ಹಾಕಬೇಕು." ಆ ಕೆಲಸದ ಕೂಲಿ ಅಗ್ಗದ ಆಟೋಮ್ಯಾಟಿಕ್‌ಗಳ ಬೆಲೆಯ ಹತ್ತಿರಕ್ಕೇ ಬರಬಹುದು. ಕೊಳ್ಳುವ ದಿನವೇ ಅದನ್ನೂ ಬೆಲೆಯೊಳಗೆ ಸೇರಿಸಿಕೊಳ್ಳಬೇಕು. ಮಗನ ವಾಚು ಎಣ್ಣೆಗೆ ಬಂದಾಗ ತುಮಕೂರಿಗೇ ತರಲಿ ಎಂದು ಮಾತಾಗಿದೆ. ನನ್ನದಕ್ಕೆ ಅವರು ಕೊಟ್ಟ ಸೂಚನೆ ಎರಡೇ: ಸೆಲ್ ಮುಗಿದ ಮೇಲೆ ಒಳಗೇ ಬಿಡಬಾರದು, ಅದು ಸೋರಿ ಯಂತ್ರವನ್ನು ತಿನ್ನುತ್ತದೆ. ಹೊಸ ಸೆಲ್ ಹಾಕಿಸುವಾಗ ಹಿಂಬದಿ ಮುಚ್ಚಳದ ರಬ್ಬರ್ ಉಂಗುರವನ್ನೂ ನೋಡಿಸಬೇಕು, ಅದು ಗಟ್ಟಿಯಾಗಿದ್ದರೆ ಕೈ ತೊಳೆದ ನೀರೇ ಒಳಗೆ ಇಳಿಯುತ್ತದೆ.