ಫೇರ್‌ಫೀಲ್ಡ್‌ಗೆ ಬರುವ ಕನ್ನಡ ಕುಟುಂಬಗಳಿಗೆ: ಅಯೋವಾದ ಒಂದು ಸಣ್ಣ ಊರಿನ ಪರಿಚಯ

ಅಯೋವಾ ರಾಜ್ಯದ ಆಗ್ನೇಯ ಭಾಗದಲ್ಲಿರುವ ಫೇರ್‌ಫೀಲ್ಡ್ ಜೆಫರ್ಸನ್ ಕೌಂಟಿಯ ಆಡಳಿತ ಕೇಂದ್ರ. 2020ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ ಸುಮಾರು 9,400. ಅಮೆರಿಕ ಎಂದರೆ ನ್ಯೂಜೆರ್ಸಿ ಅಥವಾ ಕ್ಯಾಲಿಫೋರ್ನಿಯಾ ಎಂದೇ ಭಾವಿಸಿ ಹೊರಟವರಿಗೆ, ಊರಿನ ಕೊನೆಯ ಮನೆ ದಾಟಿದ ಕೂಡಲೇ ಎರಡೂ ಬದಿಯಲ್ಲಿ ಮೆಕ್ಕೆಜೋಳ ಮತ್ತು ಸೋಯಾಬೀನ್ ಹೊಲಗಳೇ ಕಾಣುವ ಈ ಊರು ಮೊದಲಿಗೆ ತೀರ ಒಂಟಿಯೆನಿಸಬಹುದು. ಆದರೆ ಇಷ್ಟು ಸಣ್ಣ ಊರುಗಳಲ್ಲಿ ಭಾರತದ ಜೊತೆ ಇಂತಹ ನೇರ ಸಂಬಂಧವಿರುವ ಇನ್ನೊಂದು ಊರು ಅಮೆರಿಕದಲ್ಲಿ ಸಿಗುವುದು ಕಷ್ಟ. ಮನೆ, ಕಾರು, ಶಾಲೆಗಳ ವಿಷಯಕ್ಕೆ ಹೋಗುವ ಮುನ್ನ ಈ ಊರಿನ ಸ್ವಭಾವವನ್ನು ಅರಿತುಕೊಳ್ಳುವುದು ಒಳ್ಳೆಯದು. ಇಲ್ಲಿ ಬದುಕು ಸುಲಭವಾಗುವುದು ಊರಿನವರ ಪರಿಚಯದಿಂದಲೇ.

ಊರು ಹುಟ್ಟಿದ್ದು 1839ರಲ್ಲಿ. ಅಯೋವಾದ ಮೊದಲ ರಾಜ್ಯ ಮೇಳ ನಡೆದದ್ದು 1854ರಲ್ಲಿ, ಇದೇ ಊರಿನಲ್ಲಿ. ಇಲ್ಲಿನ ವಿಲಿಯಂ ಲೌಡನ್ ಎಂಬ ರೈತ 1867ರಲ್ಲಿ, ಹುಲ್ಲಿನ ಹೊರೆಯನ್ನು ನೆಲದಿಂದ ಎತ್ತಿ ಕಣಜದ ಅಟ್ಟದ ಒಳಗೆ ಹಳಿಯ ಮೇಲೆ ಸಾಗಿಸುವ ಸಾಧನಕ್ಕೆ ಪೇಟೆಂಟ್ ಪಡೆದನು. ಹಳೆಯ ಕಣಜಗಳ ಮಾಡಿನ ತುದಿಯಲ್ಲಿ ಆ ಕಬ್ಬಿಣದ ಹಳಿಯ ತುಂಡು ಹೊರಚಾಚಿಕೊಂಡಿರುವುದನ್ನು ಇಂದಿಗೂ ನೋಡಬಹುದು. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ, ತನಗೆ ವೈಯಕ್ತಿಕ ನಂಟಿಲ್ಲದ ಊರಿಗೆ ಗ್ರಂಥಾಲಯ ಕಟ್ಟಲು ಮೊತ್ತಮೊದಲು ಹಣ ಕೊಟ್ಟದ್ದು 1892ರಲ್ಲಿ, ಈ ಊರಿಗೆ. ಆ ಕಟ್ಟಡ ಈಗ ಊರಿನ ಇತಿಹಾಸ ಸಂಗ್ರಹಾಲಯವಾಗಿದೆ. ಗ್ರಂಥಾಲಯ ಹೊಸ ಕಟ್ಟಡಕ್ಕೆ ಬಂದಿದೆ. ಹೊಸದಾಗಿ ಬಂದ ಕುಟುಂಬ ಮೊದಲ ವಾರದಲ್ಲೇ ಅಲ್ಲಿಗೆ ಹೋಗಿ ಸದಸ್ಯತ್ವದ ಕಾರ್ಡ್ ಮಾಡಿಸಿಕೊಳ್ಳಬೇಕೆಂದು ಇಲ್ಲಿನ ಕನ್ನಡ ಕುಟುಂಬಗಳ ಸಂಘದವರಾದ ನಾವು ಎಲ್ಲರಿಗೂ ಹೇಳುತ್ತೇವೆ.

ಭಾರತದ ನಂಟು ಆರಂಭವಾದದ್ದು 1974ರಲ್ಲಿ. ಇಲ್ಲಿದ್ದ ಪಾರ್ಸನ್ಸ್ ಕಾಲೇಜು ದಿವಾಳಿಯಾಗಿ 1973ರಲ್ಲಿ ಮುಚ್ಚಿದಾಗ, ಮಹರ್ಷಿ ಮಹೇಶ್ ಯೋಗಿಯವರ ವಿಶ್ವವಿದ್ಯಾಲಯ ಆ ಆವರಣವನ್ನು ಕೊಂಡು ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಿಂದ ಇಲ್ಲಿಗೆ ಸ್ಥಳಾಂತರವಾಯಿತು. ಅದರ ಬೆನ್ನಿಗೆ ಭಾವಾತೀತ ಧ್ಯಾನ ಮಾಡುವ ಸಾವಿರಾರು ಅಮೆರಿಕನ್ನರು ಬಂದು ನೆಲೆಸಿದರು. 1980ರ ದಶಕದ ಆರಂಭದಲ್ಲಿ ಕಟ್ಟಿದ ಎರಡು ಚಿನ್ನದ ಬಣ್ಣದ ಗುಮ್ಮಟಗಳಲ್ಲಿ ಅವರು ದಿನಕ್ಕೆ ಎರಡು ಬಾರಿ ಸಾಮೂಹಿಕ ಧ್ಯಾನಕ್ಕೆ ಸೇರುತ್ತಾರೆ. ವಾಸ್ತುವಿನ ಪ್ರಕಾರ ಪೂರ್ವಕ್ಕೆ ಬಾಗಿಲಿಟ್ಟು, ನಡುವೆ ಬ್ರಹ್ಮಸ್ಥಾನ ಬಿಟ್ಟು, ಮಾಡಿನ ಮೇಲೆ ಕಳಶವಿಟ್ಟ ಮನೆಗಳು ಊರಿನಲ್ಲಿಯೂ, ಪಕ್ಕದಲ್ಲಿ 2001ರಲ್ಲಿ ಪ್ರತ್ಯೇಕ ನಗರವಾಗಿ ನೋಂದಣಿಯಾದ ಮಹರ್ಷಿ ವೇದಿಕ್ ಸಿಟಿಯಲ್ಲಿಯೂ ಕಾಣಸಿಗುತ್ತವೆ.

ಹೀಗಾಗಿ ಇಲ್ಲಿ ಎರಡು ಬಳಗಗಳಿವೆ: ಹಲವು ತಲೆಮಾರುಗಳಿಂದ ಬೇಸಾಯ ಮತ್ತು ಸಣ್ಣ ಕಾರ್ಖಾನೆಗಳನ್ನು ನೆಚ್ಚಿಕೊಂಡು, ಚರ್ಚನ್ನು ಕೇಂದ್ರವಾಗಿಟ್ಟುಕೊಂಡು ಬದುಕಿದವರು ಒಂದು ಕಡೆ, ಧ್ಯಾನಕ್ಕಾಗಿ ಬಂದು ನಿಂತವರು ಇನ್ನೊಂದು ಕಡೆ. ಮೊದಲ ದಶಕಗಳಲ್ಲಿ ಇವರ ನಡುವೆ ಅಪನಂಬಿಕೆ ಇತ್ತು; ಈಗ ಅದು ಬಹುಮಟ್ಟಿಗೆ ಕರಗಿದೆ. ಭಾರತೀಯರು ಎಂದು ತಿಳಿದ ಕೂಡಲೇ ನೀವೂ ಧ್ಯಾನಿಗಳೆಂದು ಹಲವರು ಭಾವಿಸುತ್ತಾರೆ. ನೀವು ಅಲ್ಲದಿದ್ದರೆ ಸೌಜನ್ಯದಿಂದ ಹಾಗೆಂದು ಹೇಳಿದರಾಯಿತು, ಯಾರೂ ಬೇಸರಿಸುವುದಿಲ್ಲ. ಒಂದೇ ಬಳಗಕ್ಕೆ ಅಂಟಿಕೊಂಡು ಇನ್ನೊಂದನ್ನು ಅರಿಯದೆ ವರ್ಷಗಳನ್ನು ಕಳೆಯಬೇಡಿ ಎಂಬುದು ನಮ್ಮ ಸಂಘದ ಮುಖ್ಯ ಸಲಹೆ. ಸಸ್ಯಾಹಾರ, ಯೋಗ, ದೀಪಾವಳಿಯ ಪರಿಚಯ ಒಂದು ಬಳಗಕ್ಕಿದೆ. ಹಿಮದಲ್ಲಿ ಕಾರು ಸಿಕ್ಕಿಕೊಂಡಾಗ ಟ್ರ್ಯಾಕ್ಟರ್ ತಂದು ಎಳೆಯುವ ಕೈ ಇನ್ನೊಂದು ಬಳಗದ್ದಾಗಿರುವ ಸಂಭವವೇ ಹೆಚ್ಚು.

ವಿಶ್ವವಿದ್ಯಾಲಯದ ಕಂಪ್ಯೂಟರ್ ಸ್ನಾತಕೋತ್ತರ ಕೋರ್ಸಿಗೆ ಬರುವವರು ಒಂದು ವಿಷಯವನ್ನು ಮೊದಲೇ ಯೋಚಿಸಬೇಕು. ಈ ಕೋರ್ಸಿನಲ್ಲಿ ಕೆಲವು ತಿಂಗಳು ಆವರಣದಲ್ಲಿ ಓದಿದ ಮೇಲೆ ವಿದ್ಯಾರ್ಥಿಗಳು ದೇಶದ ಬೇರೆ ಬೇರೆ ಊರುಗಳ ಕಂಪನಿಗಳಿಗೆ ವೃತ್ತಿ ತರಬೇತಿಗೆ ಹೋಗಿ, ಉಳಿದ ಪಾಠಗಳನ್ನು ದೂರದಿಂದಲೇ ಮುಗಿಸುತ್ತಾರೆ. ಆದ್ದರಿಂದ ಪೂರ್ತಿ ವರ್ಷದ ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ಅವಧಿಗೆ ಮೊದಲು ಬಿಡುವ ಷರತ್ತನ್ನು ಓದಿ. ಶಾಲೆಗೆ ಹೋಗುವ ಮಕ್ಕಳಿದ್ದರೆ ಕುಟುಂಬವನ್ನು ಈಗಲೇ ಕರೆತರಬೇಕೇ, ಕೆಲಸದ ಊರು ನಿಶ್ಚಯವಾದ ಮೇಲೆ ಕರೆತರಬೇಕೇ ಎಂಬುದನ್ನು ಮನೆಯವರೆಲ್ಲ ಕುಳಿತು ಮಾತನಾಡಿ ತೀರ್ಮಾನಿಸಿ.

ಬಾಡಿಗೆ ಮನೆ ದೊಡ್ಡ ನಗರಗಳಿಗಿಂತ ಅಗ್ಗ. ಆದರೆ ಹಲವು ಮನೆಗಳು ನೂರು ವರ್ಷ ಹಳೆಯವು. 1978ಕ್ಕೂ ಮೊದಲು ಕಟ್ಟಿದ ಮನೆಗಳ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ, ತೆವಳುವ ಮಗುವಿದ್ದರೆ ಕಿಟಕಿಯ ಅಂಚುಗಳಲ್ಲಿ ಬಣ್ಣ ಸಿಪ್ಪೆಯಂತೆ ಎದ್ದಿದೆಯೇ ಎಂದು ಹತ್ತಿರದಿಂದ ನೋಡಿ. ನೆಲದಿಂದ ಮೇಲೇಳುವ, ವಾಸನೆಯಾಗಲಿ ಬಣ್ಣವಾಗಲಿ ಇಲ್ಲದ ರೇಡಾನ್ ಎಂಬ ವಿಕಿರಣ ಅನಿಲದ ಅಪಾಯ ಅಯೋವಾದ ಎಲ್ಲ ಕೌಂಟಿಗಳಲ್ಲೂ ಹೆಚ್ಚಾಗಿದೆ. ಮನೆಯ ನೆಲಮಾಳಿಗೆಯಲ್ಲಿ ರೇಡಾನ್ ಪರೀಕ್ಷೆ ಆಗಿದೆಯೇ ಎಂದು ಮಾಲೀಕರನ್ನು ಕೇಳಿ. ಆಗಿಲ್ಲದಿದ್ದರೆ ಪರೀಕ್ಷಾ ಕಿಟ್ ತಂದು ನೀವೇ ಮಾಡಬಹುದು. ಫಲಿತಾಂಶ ಪ್ರತಿ ಲೀಟರಿಗೆ 4 ಪಿಕೊಕ್ಯೂರಿ ಅಥವಾ ಹೆಚ್ಚು ಬಂದರೆ ಸರಿಪಡಿಸಬೇಕೆಂದು ಸರ್ಕಾರದ ಸೂಚನೆಯಿದೆ. ಊರಿನ ಹೊರಗೆ ಹೊಲಗಳ ನಡುವೆ ಮನೆ ಹಿಡಿಯುವವರು ಬಾವಿಯ ನೀರನ್ನು ನೈಟ್ರೇಟ್‌ಗಾಗಿ ಪರೀಕ್ಷಿಸದೆ ಕುಡಿಯಬಾರದು. ಗೊಬ್ಬರದ ನೈಟ್ರೇಟ್ ಲೀಟರಿಗೆ 10 ಮಿಲಿಗ್ರಾಂ ಮೀರಿದರೆ ಹಾಲುಪುಡಿ ಕಲಸಿ ಕುಡಿಸುವ ಹಸುಗೂಸುಗಳಿಗೆ ಅಪಾಯ, ನೀರನ್ನು ಕುದಿಸಿದರೆ ಅದು ಹೋಗುವುದಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ; ಕುದಿಸಿದ ನೀರು ಎಂದರೆ ಶುದ್ಧ ನೀರು ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಹಳ ಗಟ್ಟಿಯಾಗಿದೆ.

ಕಾರಿಲ್ಲದೆ ಇಲ್ಲಿ ಸಂಸಾರ ನಡೆಯುವುದಿಲ್ಲ. ಅಯೋವಾದ ಗ್ರಾಮೀಣ ಕೌಂಟಿಗಳಲ್ಲಿ ಚಾಲನಾ ಪರವಾನಗಿಯನ್ನು ಸಾಮಾನ್ಯವಾಗಿ ಕೌಂಟಿ ಖಜಾಂಚಿಯ ಕಚೇರಿಯಲ್ಲೇ ಕೊಡುತ್ತಾರೆ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಕೊಯ್ಲಿನ ಕಾಲದಲ್ಲಿ ರಸ್ತೆಯನ್ನೇ ತುಂಬಿಕೊಂಡು ಕಂಬೈನ್ ಯಂತ್ರಗಳು ನಿಧಾನವಾಗಿ ಸಾಗುತ್ತವೆ. ಅವುಗಳ ಹಿಂಬದಿಯ ಕಿತ್ತಳೆ ತ್ರಿಕೋನ ಕಂಡ ತಕ್ಷಣ ವೇಗ ತಗ್ಗಿಸಿ, ರೈತ ಬದಿಗೆ ಸರಿಯುವ ತನಕ ತಾಳ್ಮೆಯಿಂದಿರಿ. ಅದೇ ತಿಂಗಳುಗಳಲ್ಲಿ, ಅದರಲ್ಲೂ ನವೆಂಬರ್‌ನ ಮುಸ್ಸಂಜೆಗಳಲ್ಲಿ, ಜಿಂಕೆಗಳು ರಸ್ತೆಗೆ ನುಗ್ಗುತ್ತವೆ. ಒಂದು ದಾಟಿತೆಂದರೆ ಹಿಂದೆ ಇನ್ನೊಂದು ಇದೆಯೆಂದೇ ತಿಳಿಯಬೇಕು. ಹೊಲದಂಚಿನಲ್ಲಿ ನಿಲ್ಲಿಸಿರುವ ಬಿಳಿಯ ಉದ್ದನೆಯ ಟ್ಯಾಂಕುಗಳಲ್ಲಿ ಗೊಬ್ಬರಕ್ಕೆಂದು ತುಂಬಿದ ಅಮೋನಿಯಾ ಇರುತ್ತದೆ. ಮಕ್ಕಳನ್ನು ಅವುಗಳ ಹತ್ತಿರಕ್ಕೂ ಬಿಡಬೇಡಿ. ದಾವಣಗೆರೆ, ಹಾವೇರಿ ಕಡೆಯಿಂದ ಬಂದವರಿಗೆ ಮೆಕ್ಕೆಜೋಳ ಹೊಸದಲ್ಲವಾದರೂ, ಅಯೋವಾದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತಾರವೇ 350 ಎಕರೆಯಷ್ಟಿರುವುದರಿಂದ ಬೇಸಾಯದ ರೀತಿ ಪೂರ್ತಿ ಬೇರೆ. ಆ ತೆನೆ ದನಕ್ಕೆ ಮತ್ತು ಎಥೆನಾಲ್‌ಗೆ ಹೋಗುವಂಥದ್ದು. ತಿನ್ನುವ ಸಿಹಿ ಜೋಳ ಜುಲೈ ಹೊತ್ತಿಗೆ ಶನಿವಾರದ ರೈತರ ಸಂತೆಗೆ ಬರುತ್ತದೆ.

ಚಳಿಗಾಲದಲ್ಲಿ ಶೂನ್ಯಕ್ಕಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವ ದಿನಗಳೂ ಬರುತ್ತವೆ. ಕೋಟು, ಬೂಟುಗಳನ್ನು ಭಾರತದಿಂದ ತರುವ ಬದಲು ಇಲ್ಲೇ ಕೊಳ್ಳಿ. ಕಾರಿನಲ್ಲಿ ಕಂಬಳಿ, ಸಲಿಕೆ, ಟಾರ್ಚ್ ಇರಲಿ. ಹೊರಡುವ ಮುನ್ನ 511 ಸೇವೆಯಲ್ಲಿ ರಸ್ತೆಯ ಸ್ಥಿತಿ ನೋಡಿ. ವಸಂತದಿಂದ ಸುಂಟರಗಾಳಿಯ ಕಾಲ. ಹವಾಮಾನ ಸೂಚನೆಯಲ್ಲಿ ‘ವಾಚ್’ ಎಂದರೆ ಸುಂಟರಗಾಳಿ ಏಳುವ ಸಾಧ್ಯತೆಯಿದೆ, ‘ವಾರ್ನಿಂಗ್’ ಎಂದರೆ ಎದ್ದಿದೆ ಅಥವಾ ಏಳುತ್ತಿದೆ. ಎರಡನೆಯದು ಬಂದಾಗ ಸೈರನ್ ಕೇಳಿ ಹೊರಗೆ ಬಂದು ಆಕಾಶ ನೋಡುತ್ತಾ ನಿಲ್ಲದೆ, ನೇರ ನೆಲಮಾಳಿಗೆಗೆ ಇಳಿಯಬೇಕು.

ಶಾಲೆಗಳು ಆಗಸ್ಟ್ ಕೊನೆಯ ವಾರದಲ್ಲಿ ಆರಂಭವಾಗುತ್ತವೆ. ಮಕ್ಕಳ ಲಸಿಕೆಯ ದಾಖಲೆಯನ್ನು ಇಂಗ್ಲಿಷಿನಲ್ಲಿ, ತಾರೀಖು ಸ್ಪಷ್ಟವಾಗಿ ಕಾಣುವಂತೆ ವೈದ್ಯರಿಂದ ಬರೆಸಿ ತನ್ನಿ. ಕಿಂಡರ್‌ಗಾರ್ಟನ್‌ಗೆ ಸೇರುವ ಮಕ್ಕಳಿಗೆ ಹಲ್ಲಿನ ತಪಾಸಣೆ ಮತ್ತು ರಕ್ತದಲ್ಲಿ ಸೀಸದ ಪರೀಕ್ಷೆಯನ್ನೂ ರಾಜ್ಯ ಕೇಳುತ್ತದೆ. ಊರಿನಲ್ಲೇ ಕೌಂಟಿಯ ಆಸ್ಪತ್ರೆಯಿದೆ. ಆದರೆ ತಜ್ಞರ ಚಿಕಿತ್ಸೆಗೆ ಸುಮಾರು 60 ಮೈಲಿ ಉತ್ತರದ ಅಯೋವಾ ಸಿಟಿಯಲ್ಲಿರುವ ಅಯೋವಾ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಗರ್ಭಿಣಿಯರಿರುವ ಮನೆಯವರು ಹೆರಿಗೆ ಎಲ್ಲಿ ಎಂಬುದನ್ನು ಬಂದ ಹೊಸತರಲ್ಲೇ ವಿಚಾರಿಸಿ, ಚಳಿಗಾಲದ ರಸ್ತೆಯನ್ನೂ ಲೆಕ್ಕಕ್ಕಿಟ್ಟುಕೊಂಡು ನಿರ್ಧರಿಸಬೇಕು.

ಸಾವಯವ ತರಕಾರಿ, ಬೇಳೆ, ತುಪ್ಪ ಊರಿನಲ್ಲೇ ಸಿಗುತ್ತವೆ. ಸೋನಾ ಮಸೂರಿ, ರಾಗಿ ಹಿಟ್ಟು, ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿಯಂಥವನ್ನು ಅಯೋವಾ ಸಿಟಿಯ ಕಡೆಗೆ ಹೋದಾಗ ತಿಂಗಳಿಗಾಗುವಷ್ಟು ಒಟ್ಟಿಗೆ ತಂದಿಟ್ಟುಕೊಳ್ಳುವುದು ರೂಢಿ. ದೇವಸ್ಥಾನಕ್ಕೆ ಹೋಗಬೇಕೆಂದರೆ ಡೆಮೊಯ್ನ್ ನಗರದ ಉತ್ತರಕ್ಕಿರುವ ಮ್ಯಾಡ್ರಿಡ್ ಊರಿನ ಹಿಂದೂ ದೇವಾಲಯವಿದೆ. ಅದಕ್ಕೆ ಒಂದು ಪೂರ್ತಿ ದಿನ ತೆಗೆದಿಡಬೇಕು. ಶಿಕಾಗೊದ ವಿದ್ಯಾರಣ್ಯ ಕನ್ನಡ ಕೂಟದ ಹಬ್ಬಗಳಿಗೆ ಹೋಗುವವರಿಗೆ ರೈಲು ಅನುಕೂಲ. ಕ್ಯಾಲಿಫೋರ್ನಿಯಾ ಜೆಫಿರ್ ಎಂಬ ಆ ರೈಲು ಈ ಊರಿನ ಮೂಲಕವೇ ಹಾದುಹೋದರೂ ಇಲ್ಲಿ ನಿಲ್ಲುವುದಿಲ್ಲ; ಪೂರ್ವದ ಮೌಂಟ್ ಪ್ಲೆಸೆಂಟ್ ಅಥವಾ ಪಶ್ಚಿಮದ ಒಟಮ್ವಾ ನಿಲ್ದಾಣಕ್ಕೆ ಹೋಗಿ ಹತ್ತಬೇಕು. ಶಿಕಾಗೊಗೆ ಐದಾರು ಗಂಟೆಯ ಪ್ರಯಾಣ, ದಿನಕ್ಕೆ ಒಂದೇ ಗಾಡಿ.

ಸಂಜೆ ಮನೆಯೊಳಗೇ ಕುಳಿತರೆ ಬೇಸರ ಬೇಗ ಕವಿಯುತ್ತದೆ, ಅದರಲ್ಲೂ ಕೆಲಸ ಮಾಡಲು ವೀಸಾ ಅನುಮತಿಯಿಲ್ಲದ ಸಂಗಾತಿಗಳಿಗೆ. ತಿಂಗಳ ಮೊದಲ ಶುಕ್ರವಾರ ಊರ ನಡುವಿನ ಚೌಕದಲ್ಲಿ ಕಲಾ ನಡಿಗೆ ನಡೆಯುತ್ತದೆ, ಸಂಗೀತ ಮತ್ತು ನಾಟಕಕ್ಕೆ 2007ರಲ್ಲಿ ತೆರೆದ ಸಾಂಡ್‌ಹೈಮ್ ರಂಗಮಂದಿರವಿದೆ, ಊರಿನ ಸುತ್ತ ನಡೆಯಲೂ ಸೈಕಲ್ ತುಳಿಯಲೂ ಹಾದಿಗಳಿವೆ. ಇಂಥ ಕಡೆಗಳಿಗೆ ಹೊಸಬರನ್ನು ಮೊದಲ ಸಲ ಕರೆದೊಯ್ಯಲು ಸಂಘದ ಕುಟುಂಬಗಳು ಸದಾ ಸಿದ್ಧ. ವಿಮಾನದ ಟಿಕೆಟ್ ಕೊಳ್ಳುವ ಮುನ್ನವೇ ನಮಗೆ ತಿಳಿಸಿ. ಜನವರಿಯಲ್ಲಿ ಬರುವುದಾದರೆ ಸೀಡರ್ ರ‍್ಯಾಪಿಡ್ಸ್ ವಿಮಾನ ನಿಲ್ದಾಣಕ್ಕೆ ಹಗಲಿನಲ್ಲಿ ತಲುಪುವ ವಿಮಾನವನ್ನೇ ಆರಿಸಿಕೊಳ್ಳಿ. ನಿಮ್ಮನ್ನು ಕರೆತರಲು ಬರುವವರು ದಪ್ಪನೆಯ ಕೋಟುಗಳನ್ನು ಜೊತೆಗೆ ತರುತ್ತಾರೆ, ಆದ್ದರಿಂದ ಮಕ್ಕಳ ಅಳತೆಯನ್ನೂ ಬರೆದು ಕಳುಹಿಸಿ.