ಬಸಳೆ ‘ಆರ್ಗ್ಯಾನಿಕ್’ ಹೌದೋ ಅಲ್ಲವೋ: ನೋಡುವುದು ಹೇಗೆ?

ಮುಂಬೈಯ ಮಾಟುಂಗಾ ಮಾರ್ಕೆಟ್ಟಿನಲ್ಲಿ ಬಸಳೆ, ಮಂಗಳೂರು ಸೌತೆ ಹುಡುಕುವ ನಮ್ಮವರ ಬಾಯಲ್ಲಿ ಈಗ ಇನ್ನೊಂದು ಪ್ರಶ್ನೆ: ‘ಇದು ಆರ್ಗ್ಯಾನಿಕ್ಕಾ?’ ಅಂಗಡಿಯವ ಹೂಂ ಎಂದು ಎಲೆಯ ತೂತು ತೋರಿಸುತ್ತಾನೆ. ನಂಬಬೇಡಿ. ಹುಳ ತಿಂದ ಮರುದಿನವೇ ಮದ್ದು ಹೊಡೆದಿರಬಹುದು.

ಮೊದಲು ಒಂದು ಭ್ರಮೆ ಬಿಡಿ. ಸಾವಯವ ಎಂದರೆ ಏನನ್ನೂ ಸಿಂಪಡಿಸದ ಬೆಳೆ ಎಂದಲ್ಲ. ಊರಲ್ಲಿ ಅಡಿಕೆಗೆ ಹೊಡೆಯುವ ಬೋರ್ಡೊ ನೆನಪಿದೆಯಲ್ಲ, ಮೈಲುತುತ್ತು ಮತ್ತು ಸುಣ್ಣದ್ದು? ಅದಕ್ಕೂ ಬೇವಿನೆಣ್ಣೆಗೂ ಸಾವಯವದಲ್ಲಿ ಷರತ್ತಿನ ಮೇಲೆ ಅವಕಾಶವಿದೆ. ನಿಷೇಧವಿರುವುದು ಕಾರ್ಖಾನೆಯ ರಾಸಾಯನಿಕ ಕೀಟನಾಶಕಗಳಿಗೆ. ಅವು ಕೂಡ ಪಕ್ಕದ ಹೊಲದಿಂದ ಗಾಳಿಯಲ್ಲೋ ನೀರಲ್ಲೋ ಬಂದು ಸೇರುತ್ತವೆ. ಹಾಗಾಗಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2017ರ ಸಾವಯವ ನಿಯಮ ಶೂನ್ಯವನ್ನು ಕೇಳುವುದಿಲ್ಲ. ಮಾಮೂಲಿ ಆಹಾರಕ್ಕೆ ಇಟ್ಟ ಮಿತಿಯ ಶೇ 5, ಇಲ್ಲವೇ ಪ್ರಯೋಗಾಲಯ ಅಳೆಯಬಲ್ಲ ಕನಿಷ್ಠ ಪ್ರಮಾಣ, ಇವೆರಡರಲ್ಲಿ ಹೆಚ್ಚಿನದು ಕೀಟನಾಶಕದ ಉಳಿಕೆಗೆ ಗಡಿ.

ಅಕ್ಕಿ, ಬೇಳೆಯ ಪ್ಯಾಕೆಟ್ಟಾದರೆ ‘ಜೈವಿಕ್ ಭಾರತ್’ ಚಿಹ್ನೆ ನೋಡಿ. ಜೊತೆಗೆ ‘ಇಂಡಿಯಾ ಆರ್ಗ್ಯಾನಿಕ್’ ಅಥವಾ ರೈತರ ಗುಂಪುಗಳೇ ಒಬ್ಬರನ್ನೊಬ್ಬರು ಪರಿಶೀಲಿಸಿ ಕೊಡುವ ‘ಪಿಜಿಎಸ್ ಇಂಡಿಯಾ’ ಗುರುತಿರಬೇಕು. ಪಿಜಿಎಸ್‌ನಲ್ಲಿ ‘ಗ್ರೀನ್’ ಎಂದಿದ್ದರೆ ಹೊಲ ಇನ್ನೂ ಸಾವಯವಕ್ಕೆ ಬದಲಾಗುತ್ತಿದೆ ಎಂದರ್ಥ, ಪೂರ್ತಿ ಬದಲಾದದ್ದಕ್ಕೆ ‘ಆರ್ಗ್ಯಾನಿಕ್’. ‘ನ್ಯಾಚುರಲ್’, ‘ಫಾರ್ಮ್ ಫ್ರೆಶ್’ ಎಂಬ ಅಕ್ಷರಗಳಿಗೆ ಬೆಲೆ ಕೊಡಬೇಡಿ, ಅಂಗಡಿಯವ ಅವಕ್ಕೆ ಬೆಲೆ ಹಾಕಿಯೇ ಇರುತ್ತಾನೆ.

ಸೊಪ್ಪು ತರಕಾರಿಗೆ ಪ್ಯಾಕೆಟ್ ಎಲ್ಲಿ ಬಂತು? ಬೆಳೆದವನೇ ನೇರ ಮಾರುವ ಸಣ್ಣ ವ್ಯವಹಾರಕ್ಕೆ ಪ್ರಮಾಣಪತ್ರ ಕಡ್ಡಾಯವೂ ಇಲ್ಲ. ಆಗ ಮರಾಠಿಯಲ್ಲೇ ಕೇಳಿ: ‘ಕೀಡ್ ಪಡ್ಲ್ಯಾವರ್ ಕಾಯ್ ಫವಾರ್‌ತಾ?’ ಹುಳ ಬಿದ್ದರೆ ಏನು ಸಿಂಪಡಿಸುತ್ತೀರಿ? ‘ದಶಪರ್ಣಿ ಅರ್ಕ’ (ಹತ್ತು ಬಗೆಯ ಎಲೆಗಳ ರಸ), ‘ನಿಂಬೋಳಿ ಅರ್ಕ’ (ಬೇವಿನ ಬೀಜದ ರಸ) ಎಂದು ಹೇಳಿ, ಹೇಗೆ ತಯಾರಿಸುತ್ತೇನೆ, ಎಷ್ಟು ದಿನಕ್ಕೊಮ್ಮೆ ಹೊಡೆಯುತ್ತೇನೆ ಎಂದು ವಿವರಿಸಿದರೆ ಆತನಿಗೆ ಹೊಲ ಗೊತ್ತು. ‘ಕಾಹೀಚ್ ನಾಹೀ’, ಏನೂ ಇಲ್ಲ ಎಂದರೆ ನನಗಂತೂ ಅನುಮಾನ. ಮುಂಬೈ ಮಳೆಗಾಲದಲ್ಲಿ ಏನೂ ಹಾಕದೆ ಅಷ್ಟು ಚೆಂದದ ಸೊಪ್ಪು ಬರುವುದು ಅಪರೂಪ.

ಇನ್ನು ತೊಳೆಯುವುದು. ಸೇಬಿನಂಥ ನುಣುಪು ಸಿಪ್ಪೆಗೆ ಲೀಟರ್ ನೀರಿಗೆ 10 ಗ್ರಾಂ ಅಡುಗೆ ಸೋಡಾ ಹಾಕಿ, 12–15 ನಿಮಿಷ ನೆನೆಸಿ, ಮತ್ತೆ ತೊಳೆಯಿರಿ. ಮೇಲ್ಮೈಯ ಮದ್ದು ಬಹುಪಾಲು ಹೋಗುತ್ತದೆ, ಒಳಗೆ ಇಳಿದದ್ದು ಯಾವುದಕ್ಕೂ ಜಗ್ಗುವುದಿಲ್ಲ. ಸೋಪು ಬೇಡ. ಬಸಳೆಗೆ ಎರಡು ಸಲ ನೀರು ಬದಲಿಸಿ, ಕೊನೆಗೆ ನಲ್ಲಿಯ ಕೆಳಗೆ ಹಿಡಿದು ದಂಟಿನ ಗಂಟುಗಳನ್ನು ಬೆರಳಿನಿಂದ ಉಜ್ಜಿ. ಮಣ್ಣು ಅಲ್ಲಿಯೇ ಕೂತಿರುತ್ತದೆ.