ಫೋನಿನ ಬಾಯಿ ಮುಚ್ಚಿಸುವುದು ಹೇಗೆ?

ಫೋನಿನ ಕಾಟ ತಾಳಲಾರದೆ ಸಿಟ್ಟಿನಲ್ಲಿ ಹತ್ತು ಆ್ಯಪ್ ಒಟ್ಟಿಗೆ ಕಿತ್ತುಹಾಕಿದವರನ್ನು ಬಹಳ ನೋಡಿದ್ದೇನೆ. ಮೂರನೇ ದಿನಕ್ಕೆ ಒಂದು ವಾಪಸ್ ಬರುತ್ತದೆ, ‘ಟಿಕೆಟ್ ಬುಕ್ ಮಾಡೋಕೆ ಬೇಕಿತ್ತು’ ಅಂತ. ವಾರ ಕಳೆಯುವಷ್ಟರಲ್ಲಿ ಹತ್ತೂ ಹಾಜರ್. ಜೊತೆಗೆ ಹೊಸದೊಂದು ಬಂದು ಕೂತಿರುತ್ತದೆ: ಫೋನ್ ಚಟ ಬಿಡಿಸುವ ಆ್ಯಪ್. ಅದೂ ದಿನಕ್ಕೆ ನಾಲ್ಕು ಸಲ ಟಿಣ್ ಅನ್ನುತ್ತದೆ.

ಇನ್ನು ಕೆಲವರು ಎಲ್ಲ ನೋಟಿಫಿಕೇಷನ್ನೂ ಒಂದೇ ಏಟಿಗೆ ಬಂದ್ ಮಾಡುತ್ತಾರೆ. ನಮ್ಮಣ್ಣ ಹೀಗೇ ಮಾಡಿದ. ಎಷ್ಟು ನೆಮ್ಮದಿ ಅಂತ ಎರಡು ದಿನ ಕಂಡವರಿಗೆಲ್ಲ ಹೇಳಿಕೊಂಡು ಓಡಾಡಿದ. ಮೂರನೇ ದಿನ ಬೆಳಿಗ್ಗೆ ಅಮ್ಮ ಕಳಿಸಿದ ಮೆಸೇಜನ್ನು ಅವನು ನೋಡಿದ್ದು ರಾತ್ರಿ. ಅಲ್ಲಿಂದ ಶುರುವಾಯಿತು ಭಯ. ಏನಾದರೂ ಬಂದಿರಬಹುದೇನೋ ಅಂತ ಐದೈದು ನಿಮಿಷಕ್ಕೆ ತಾನೇ ಫೋನ್ ತೆಗೆದು ನೋಡತೊಡಗಿದ. ರೋಗಕ್ಕಿಂತ ಮದ್ದೇ ಜಾಸ್ತಿಯಾಯಿತು.

ಬೇಕಾದ್ದು ಬಂದರೆ ಫೋನ್ ಕೂಗುತ್ತದೆ, ಬೇಡದ್ದಕ್ಕೆ ಕೂಗಲ್ಲ ಅನ್ನುವ ನಂಬಿಕೆ ಬರಬೇಕು. ಆಗಷ್ಟೇ ಅದನ್ನು ಟೇಬಲ್ ಮೇಲೆ ಬಿಟ್ಟು ಎದ್ದು ಹೋಗೋಕಾಗುವುದು. ಅದಕ್ಕೆ ಒಂದು ಗಂಟೆ ಬಿಡುವು ಮಾಡಿಕೊಳ್ಳಿ.

1. ಮೊದಲು ಲೆಕ್ಕ ನೋಡಿ

ಆಂಡ್ರಾಯ್ಡಿನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್, ಐಫೋನಿನಲ್ಲಿ ಸ್ಕ್ರೀನ್ ಟೈಮ್. ಎರಡೂ ಬಂದದ್ದು 2018ರಲ್ಲಿ. ಸೆಟ್ಟಿಂಗ್ಸ್ ಒಳಗೇ ಇರುತ್ತವೆ. ಎಷ್ಟು ಗಂಟೆ ನೋಡಿದಿರಿ ಅನ್ನುವುದನ್ನು ಬಿಡಿ, ಅದರಿಂದ ಸುಮ್ನೆ ಬೇಜಾರು. ಯಾವ ಆ್ಯಪಿನಿಂದ ದಿನಕ್ಕೆ ಎಷ್ಟು ನೋಟಿಫಿಕೇಷನ್ ಬಂತು ಅನ್ನುವುದನ್ನು ನೋಡಿ. ಮೇಲಿನ ಐದು ಹೆಸರು ಬರೆದಿಟ್ಟುಕೊಳ್ಳಿ. ಅರ್ಧ ಕೆಲಸ ಆ ಐದರಲ್ಲೇ ಇದೆ.

2. ಜರಡಿ ಹಿಡಿಯಿರಿ

ಎಲ್ಲರೂ ಎಡವುವುದು ಇಲ್ಲೇ. ಒಂದು ಆ್ಯಪ್ ಅಂದರೆ ಒಂದು ಸ್ವಿಚ್ ಅಂದುಕೊಳ್ಳುತ್ತೇವೆ. ಹಾಗಿಲ್ಲ. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಈಚೆಗೆ ಪ್ರತಿ ಆ್ಯಪ್ ತನ್ನ ನೋಟಿಫಿಕೇಷನ್‌ಗಳನ್ನು ಬೇರೆ ಬೇರೆ ಚಾನೆಲ್ ಮಾಡಿ ಇಡಬೇಕು. ಚಾನೆಲ್ ಒಂದಕ್ಕೆ ಒಂದು ಸ್ವಿಚ್.

ನಮ್ಮ ಚಿಕ್ಕಮ್ಮನ ಫೋನ್ ಹಿಡಿದು ಕೂತಾಗ ಶಾಪಿಂಗ್ ಆ್ಯಪ್ ಒಂದನ್ನು ಹೀಗೆ ಬಿಚ್ಚಿ ನೋಡಿದೆ. ಒಳಗೆ ಹನ್ನೊಂದು ಸ್ವಿಚ್! ಆರ್ಡರ್ ಮಾಹಿತಿ, ಆಫರ್, ನಿಮಗಾಗಿ, ಕಾರ್ಟ್ ನೆನಪು, ಆಟ, ಹೀಗೆ. ಹನ್ನೊಂದೂ ಆನ್. ಅವರಿಗೆ ಬೇಕಿದ್ದದ್ದು ಮೊದಲನೆಯದು ಮಾತ್ರ. ಉಳಿದ ಹತ್ತನ್ನು ಆಫ್ ಮಾಡಿದೆವು. ಆದರೂ ಮಾರನೇ ದಿನ ‘ನಿಮ್ಮನ್ನು ಮಿಸ್ ಮಾಡ್ಕೊತಿದ್ದೀವಿ’ ಅಂತ ಒಂದು ಬಂತು. ಕಳ್ಳ ಎಲ್ಲಿಂದ ನುಗ್ಗಿದ ಅಂದರೆ, ಆರ್ಡರ್ ಮಾಹಿತಿಯ ಬಾಗಿಲಿನಿಂದಲೇ! ಕೆಲವು ಆ್ಯಪ್‌ಗಳು ಹೀಗೆ ಬೇಕಾದ್ದರ ಜೊತೆ ಬೇಡದ್ದನ್ನೂ ಬೇಕಂತಲೇ ತುರುಕುತ್ತವೆ. ಅಂಥದ್ದಕ್ಕೆ ನನ್ನ ಹತ್ತಿರ ಕರುಣೆ ಇಲ್ಲ. ಇಡೀ ಆ್ಯಪಿನ ನೋಟಿಫಿಕೇಷನ್ನೇ ಬಂದ್. ಪಾರ್ಸೆಲ್ ಎಲ್ಲಿದೆ ಅಂತ ತೆರೆದು ನೋಡಿದರಾಯಿತು.

ಯಾವ ಚಾನೆಲ್‌ನಿಂದ ಬಂತು ಅಂತ ತಿಳಿಯುವುದು ಹೇಗೆ? ಬೇಡದ್ದು ಬಂದ ತಕ್ಷಣ ನಮ್ಮ ಬೆರಳು ಅದನ್ನು ಪಕ್ಕಕ್ಕೆ ತಳ್ಳುತ್ತದಲ್ವಾ? ಆ ಅಭ್ಯಾಸ ಬಿಡಿ. ಅದರ ಮೇಲೆ ಬೆರಳು ಒತ್ತಿ ಹಿಡಿಯಿರಿ. ಚಾನೆಲ್ ಹೆಸರು ಅಲ್ಲೇ ಕಾಣುತ್ತದೆ, ಬಂದ್ ಮಾಡುವ ದಾರಿಯೂ ಅಲ್ಲೇ ಇರುತ್ತದೆ. ಕೈ ಜಾರಿ ತಳ್ಳಿಬಿಟ್ಟರೆ ಅಂತ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಷನ್ ಹಿಸ್ಟರಿ ಆನ್ ಮಾಡಿಟ್ಟಿರಿ. ಆಂಡ್ರಾಯ್ಡ್ 11ರಿಂದ ಇದೆ, ಹಿಂದಿನ 24 ಗಂಟೆಯದ್ದು ಸಿಗುತ್ತದೆ.

ಈಗ ಮೂರು ಗುಡ್ಡೆ ಮಾಡಿ. ಒಬ್ಬ ಮನುಷ್ಯ ನಿಮಗೇ ಅಂತ ಬರೆದದ್ದು, ಖಾತೆಯಿಂದ ದುಡ್ಡು ಹೋದದ್ದು, ಯಾರೋ ಬಾಗಿಲಲ್ಲಿ ನಿಂತಿರುವುದು: ಇವಕ್ಕೆ ಸದ್ದು ಇರಲಿ. ಇಮೇಲ್, ಸುದ್ದಿ, ಕ್ಯಾಲೆಂಡರಿನ ಸಣ್ಣಪುಟ್ಟದ್ದು ‘ಸೈಲೆಂಟ್’ಗೆ ಹೋಗಲಿ. ಬರುತ್ತವೆ, ಆದರೆ ತೆಪ್ಪಗೆ ಬರುತ್ತವೆ. ಯಾರು ಯಾರ ಫೋಟೋ ಇಷ್ಟಪಟ್ಟರು, ಯಾರು ಲೈವ್ ಬಂದರು, ಯಾವುದಕ್ಕೆ ಎಷ್ಟು ರಿಯಾಯಿತಿ: ಇದೆಲ್ಲ ಕಸ. ಬಂದ್ ಮಾಡಿ. ಬ್ಯಾಂಕಿನ ಮೆಸೇಜಿಗೆ ಮಾತ್ರ ಕೈ ಹಾಕಬೇಡಿ. ಖಾತೆಗೆ ಕನ್ನ ಬಿದ್ದರೆ ಮೊದಲು ಗೊತ್ತಾಗುವುದು ಅದರಿಂದಲೇ.

ಐಫೋನಿನವರಿಗೆ ಈ ಕೆಲಸ ಸ್ವಲ್ಪ ತ್ರಾಸು. ಅಲ್ಲಿನ ಸೆಟ್ಟಿಂಗ್ಸ್‌ನಲ್ಲಿ ಚಾನೆಲ್ ಪಟ್ಟಿ ಇಲ್ಲ. ಒಂದೊಂದೇ ಆ್ಯಪ್ ತೆರೆದು ಅದರೊಳಗಿನ ನೋಟಿಫಿಕೇಷನ್ ಪುಟ ಹುಡುಕಬೇಕು. ಬದಲಿಗೆ 2021ರಿಂದ ‘ಷೆಡ್ಯೂಲ್ಡ್ ಸಮ್ಮರಿ’ ಸಿಕ್ಕಿದೆ. ಅವಸರವಿಲ್ಲದ್ದನ್ನೆಲ್ಲ ನೀವು ಹೇಳಿದ ಹೊತ್ತಿಗೆ ಒಂದು ಕಟ್ಟು ಮಾಡಿ ಕೊಡುತ್ತದೆ. ಸಂಜೆ ಆರಕ್ಕೆ ಒಂದೇ ಕಟ್ಟು ಸಾಕು ಅನ್ನುವುದು ನನ್ನ ಅಭಿಪ್ರಾಯ. ಐಕಾನ್ ಮೇಲೆ ಕೂರುವ ಕೆಂಪು ಅಂಕೆಗಳನ್ನು ಮರೆಯಬೇಡಿ. ಸದ್ದು ಆರಿಸಿದರೂ ಅವು ಹೋಗಲ್ಲ. ‘ಬ್ಯಾಡ್ಜ್’ ಅಂತ ಬೇರೆ ಸ್ವಿಚ್ ಇದೆ.

ವಾಟ್ಸ್‌ಆ್ಯಪ್ ಗುಂಪುಗಳದ್ದು ಇನ್ನೊಂದು ಕಥೆ. ಗುಂಪು ಬಿಟ್ಟರೆ ಮುನಿಸು, ಇದ್ದರೆ ಕಿರಿಕಿರಿ. ಮ್ಯೂಟ್ ಮಾಡುವಾಗ 8 ಗಂಟೆ, 1 ವಾರ ಅಂತೆಲ್ಲ ಕೇಳುತ್ತದೆ. ‘ಯಾವಾಗಲೂ’ ಒತ್ತಿ, ಆಮೇಲೆ ಆರ್ಕೈವ್ ಮಾಡಿ, ಅಂದರೆ ಚಾಟ್ ಪಟ್ಟಿಯಿಂದ ಪಕ್ಕಕ್ಕೆ ಸರಿಸಿಡಿ. ಹೊಸ ಮೆಸೇಜ್ ಬಂದರೂ ಗುಂಪು ಮೇಲೆದ್ದು ಬರದಂತೆ ಚಾಟ್ ಸೆಟ್ಟಿಂಗ್ಸ್‌ನಲ್ಲಿ ಒಂದು ಆಯ್ಕೆ ಇದೆ, ಅದು ಆನ್ ಇರಲಿ. ನಿಮ್ಮ ಹೆಸರು ಹಿಡಿದು ಕರೆದರೆ ಅಥವಾ ನಿಮ್ಮ ಮಾತಿಗೇ ಉತ್ತರ ಕೊಟ್ಟರೆ ಆಗಲೂ ಗೊತ್ತಾಗುತ್ತದೆ. ಹಾಗಾಗಿ ಹೆದರಿಕೆ ಬೇಡ.

3. ಮುಖಪುಟ ಖಾಲಿ ಮಾಡಿ

ಫೋನ್, ಮೆಸೇಜ್, ಕ್ಯಾಮೆರಾ, ಮ್ಯಾಪ್ ನಾಲ್ಕೇ ಇರಲಿ. ಉಳಿದದ್ದನ್ನು ಹೆಸರು ಟೈಪ್ ಮಾಡಿ ಹುಡುಕಿ ತೆರೆಯಿರಿ.

ಐಕಾನ್ ಇಲ್ಲದೆ ಬರೀ ಹೆಸರು ತೋರಿಸುವ, ಮುಖಪುಟದ ರೂಪವನ್ನೇ ಬದಲಿಸುವ ಆ್ಯಪ್‌ಗಳು, ಅಂದರೆ ಲಾಂಚರ್‌ಗಳೂ ಆಂಡ್ರಾಯ್ಡಿಗೆ ಸಿಗುತ್ತವೆ. ಓಲಾಂಚರ್ ಅಂತ ಒಂದಿದೆ, ಓಪನ್ ಸೋರ್ಸ್ (ಅದರ ಕೋಡ್ ಯಾರು ಬೇಕಾದರೂ ನೋಡಬಹುದು), ಚೆನ್ನಾಗಿದೆ. ಆದರೆ ಒಂದನ್ನು ಹಾಕಿ ನಿಲ್ಲಿಸಿ. ಯಾವುದು ಚೆಂದ ಅಂತ ಆರು ಲಾಂಚರ್ ಇಳಿಸಿ ಇಡೀ ಭಾನುವಾರ ಫೋನಿನಲ್ಲೇ ಕಳೆದವರು ನನಗೆ ಗೊತ್ತು. (ನಾನೇ.)

4. ಕಣ್ಣಿಗೆ ಬಲೆ ಹಾಕುವವು

ಕೆಲವು ಫೋನಿನಲ್ಲಿ ಎತ್ತಿದಾಗಲೆಲ್ಲ ಲಾಕ್ ಪರದೆಯ ಮೇಲೆ ಹೊಸ ಚಿತ್ರ, ಅದರ ಕೆಳಗೆ ಒಂದು ಸುದ್ದಿಯ ತುಣುಕು ಬರುತ್ತದೆ. ಟೈಮ್ ನೋಡೋಕೆ ಅಂತ ಎತ್ತಿದವರು ನಟಿಯ ಮದುವೆ ಸುದ್ದಿ ಓದುತ್ತಾ ಕೂರುತ್ತಾರೆ. ಲಾಕ್ ಸ್ಕ್ರೀನ್ ಅಥವಾ ವಾಲ್‌ಪೇಪರ್ ಸೆಟ್ಟಿಂಗ್ಸ್ ಒಳಗೆ ಹುಡುಕಿ ಅದನ್ನು ಆಫ್ ಮಾಡಿ.

ಯೂಟ್ಯೂಬಿಗೆ ಒಳ್ಳೆಯ ಉಪಾಯ ಒಂದಿದೆ. ವಾಚ್ ಹಿಸ್ಟರಿ ಆಫ್ ಮಾಡಿ, ಹಳೆಯದನ್ನು ಅಳಿಸಿ. 2023ರಿಂದ ಹೀಗೆ ಮಾಡಿದರೆ ಅದರ ಮುಖಪುಟದಲ್ಲಿ ಶಿಫಾರಸುಗಳೇ ಬರಲ್ಲ. ಬೇಕಾದ್ದನ್ನು ಹುಡುಕಿ, ನೋಡಿ, ಮುಚ್ಚಿ.

ಪರದೆಯನ್ನು ಕಪ್ಪುಬಿಳುಪು ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಒಗ್ಗಲಿಲ್ಲ. ಮ್ಯಾಪಿನಲ್ಲಿ ಟ್ರಾಫಿಕ್ ಬಣ್ಣ ಗೊತ್ತಾಗಲ್ಲ, ಫೋಟೋ ನೋಡೋಕೆ ಮತ್ತೆ ಬಣ್ಣ ಹಾಕಬೇಕು, ಹಾಕಿದ್ದನ್ನು ತೆಗೆಯೋಕೆ ಮನಸ್ಸು ಬರಲ್ಲ. ರಾತ್ರಿಗೆ ಮಾತ್ರ ಇಟ್ಟುಕೊಳ್ಳಿ. ಆಂಡ್ರಾಯ್ಡಿನ ಬೆಡ್‌ಟೈಮ್ ಮೋಡ್ ಹೊತ್ತಿಗೆ ಸರಿಯಾಗಿ ತಾನೇ ಬಣ್ಣ ತೆಗೆಯುತ್ತದೆ.

‘ಕ್ಲೀನರ್’, ‘ಬೂಸ್ಟರ್’ ಅನ್ನುವ ಆ್ಯಪ್ ಕಂಡರೆ ಯೋಚಿಸದೆ ಕಿತ್ತುಹಾಕಿ. ಚಟ ಬಿಡಿಸುವ ಆ್ಯಪ್ ಏನಾದರೂ ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳಿದರೆ ಎರಡು ಸಲ ಯೋಚಿಸಿ. ಆ ಅನುಮತಿ ಸಿಕ್ಕರೆ ಅದು ನಿಮ್ಮ ಪರದೆ ಮೇಲಿರುವುದನ್ನು ಓದಬಲ್ಲದು. ಫೋನಿನಲ್ಲೇ ಇರುವ ಆ್ಯಪ್ ಟೈಮರ್ ಸಾಕು.

5. ರಾತ್ರಿ

ಡು ನಾಟ್ ಡಿಸ್ಟರ್ಬ್ ಹಾಕಿ, ಮನೆಯವರ ಕರೆಗೆ ಮಾತ್ರ ಬಾಗಿಲು ಬಿಡಿ. ‘ರಿಪೀಟ್ ಕಾಲ್’ ಆನ್ ಇರಲಿ. ಒಬ್ಬರೇ ಮತ್ತೆ ಮತ್ತೆ ಕರೆದರೆ (ಆಂಡ್ರಾಯ್ಡಿನಲ್ಲಿ 15 ನಿಮಿಷದೊಳಗೆ, ಐಫೋನಿನಲ್ಲಿ 3 ನಿಮಿಷದೊಳಗೆ) ಎರಡನೇ ಕರೆ ಸದ್ದು ಮಾಡುತ್ತದೆ. ನಮ್ಮಣ್ಣನಿಗೆ ಧೈರ್ಯ ಬಂದದ್ದು ಇದು ಗೊತ್ತಾದ ಮೇಲೆ. ಆಂಡ್ರಾಯ್ಡಿನಲ್ಲಿ ಅಲಾರಂಗೆ ಅನುಮತಿ ಇದೆಯಾ ಅಂತಲೂ ಒಮ್ಮೆ ನೋಡಿಕೊಳ್ಳಿ. ಸಾಮಾನ್ಯವಾಗಿ ಇರುತ್ತದೆ.

ಆ್ಯಪ್ ಅಪ್‌ಡೇಟ್ ಆದಾಗ ಹೊಸ ಚಾನೆಲ್ ಸೇರಿಕೊಳ್ಳುವುದುಂಟು, ಅದೂ ಸ್ವಿಚ್ ಆನ್ ಆಗಿಯೇ. ಆ್ಯಪ್ ತೆಗೆದು ಮತ್ತೆ ಹಾಕಿದರೆ ನೀವು ಬಂದ್ ಮಾಡಿದ್ದೆಲ್ಲ ಮತ್ತೆ ಮೊದಲಿನ ಹಾಗೆ. ಆದ್ದರಿಂದ ತಿಂಗಳಿಗೊಮ್ಮೆ ಆ ಐದು ಹೆಸರಿನ ಚೀಟಿ ತೆಗೆದು ಲೆಕ್ಕ ನೋಡಿ. ಚಿಕ್ಕಮ್ಮನ ಚೀಟಿಯಲ್ಲಿ ಈಗ ಮೊದಲ ಹೆಸರು ನಮ್ಮ ಮನೆಯ ಗುಂಪಿನದು. ಅದನ್ನು ಮ್ಯೂಟ್ ಮಾಡಲು ಅವರು ಒಪ್ಪುತ್ತಿಲ್ಲ.